ಜಾಹೀರಾತಿನ ಚಿತ್ರಗಳಲ್ಲಿ ದೃಷ್ಟಿ, ಸ್ಥಾನ ಮತ್ತು ಅಧಿಕಾರ

೧

ವಾರಪತ್ರಿಕೆ ಮಾಸಪತ್ರಿಕೆಗಳಲ್ಲಿ ಅಚ್ಚಾಗುವ ಜಾಹೀರಾತಿನ ಚಿತ್ರವೊಂದನ್ನು ಕಂಡೊಡನೆಯೇ, ಅದರಲ್ಲಿರುವ ಇಬ್ಬರು ಮೂವರು ವ್ಯಕ್ತಿಗಳಲ್ಲಿ ಒಡೆಯನಾರು, ಆಳು ಯಾರು, ಕೊಡುವವರಾರು, ಕೈಯೊಡ್ಡುವವರಾರು ಎಂಬುದು ಅಕ್ಷರ ಬಾರದವರಿಗೂ ತಿಳಿದುಹೋಗುತ್ತದೆ. ಚಿತ್ರದ ಕೆಳಗಿನ ಬರಹವು ಇದನ್ನು ಹೇಳಿರುವುದಿಲ್ಲ. ಕಣ್ಣು ಎತ್ತ ತಿರುಗಿದೆ, ಕೊರಳು ಎಷ್ಟು ಬಾಗಿದೆ, ಮೈಯ ಭಾರವು ಒಂದು ಕಾಲಿನ ಮೇಲಿದೆಯೋ ಎರಡರ ಮೇಲಿದೆಯೋ, ಕೈಯು ವಸ್ತುವನ್ನು ಬಿಗಿಯಾಗಿ ಹಿಡಿದಿದೆಯೋ ಸುಮ್ಮನೆ ಸೋಕಿದೆಯೋ ಎಂಬಿವೇ ಅದನ್ನು ಹೇಳುತ್ತವೆ. ಮಾರಾಟಗಾರನು ಹಣ ತೆತ್ತು ಬರೆಯಿಸುವ ಈ ಚಿತ್ರಗಳು ಕಾವ್ಯಗಳಲ್ಲ, ಶಿಲ್ಪಗಳಲ್ಲ. ಆದುದರಿಂದ ಪಂಡಿತರು ಇವನ್ನು ವಿಚಾರಣೆಗೆ ಅರ್ಹವೆಂದು ಎಣಿಸಿರುವುದು ಕಡಮೆ. ಆದರೆ ನಮ್ಮ ಕಾಲದ ವಿದ್ಯಾರ್ಥಿಯು ಪಂಪನನ್ನೂ ಕುಮಾರವ್ಯಾಸನನ್ನೂ ಓದುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಇಂಥ ಚಿತ್ರಗಳನ್ನು ಸಾವಿರಗಟ್ಟಲೆಯಾಗಿ ನೋಡಿ, ಯಾರು ಯಾರ ಮುಂದೆ ಹೇಗೆ ನಿಲ್ಲಬೇಕೆಂಬ ಪಾಠವನ್ನು ಅವುಗಳಿಂದ ಕಲಿತಿರುತ್ತಾನೆ. ಸಾಹಿತ್ಯವನ್ನು ಬೋಧಿಸುವವರಿಗೆ ಇದು ಉಪೇಕ್ಷಿಸತಕ್ಕ ಸಂಗತಿಯಲ್ಲ.

ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮತವೊಂದುಂಟು. ನೇರವಾದ ನೋಟವು ಅಧಿಕಾರದ ಗುರುತು, ತಗ್ಗಿದ ಅಥವಾ ಓರೆಯಾದ ನೋಟವು ಅಧೀನತೆಯ ಗುರುತು ಎಂಬುದೇ ಆ ಮತ. ಇದು ಅರ್ಧ ಸತ್ಯವೆಂದೂ, ದೃಷ್ಟಿಗೆ ತನ್ನಷ್ಟಕ್ಕೆ ತಾನೇ ನಿಯತವಾದ ಅರ್ಥವಿಲ್ಲವೆಂದೂ, ನೋಡುವವನು ನಿಂತಿರುವ ಬಗೆಯೇ ಅದರ ಅರ್ಥವನ್ನು ನಿಶ್ಚಯಿಸುತ್ತದೆಂದೂ, ಅಧಿಕಾರವು ಎತ್ತ ನೋಡಬೇಕೆಂಬುದನ್ನು ತಾನೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯದಲ್ಲಿ ಇದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ. ನಿದರ್ಶನಗಳನ್ನು, ಈ ಬಗೆಯ ಜಾಹೀರಾತು ಬೆಳೆದು ಬಲಿತ ಇಂಗ್ಲೆಂಡು ಅಮೆರಿಕಗಳಿಂದ ಮುಖ್ಯವಾಗಿಯೂ, ಅಲ್ಲಿಂದ ಅದು ಹರಿದುಬಂದ ನಮ್ಮ ದೇಶದಿಂದ ಕೆಲಮಟ್ಟಿಗೂ ತೆಗೆದುಕೊಂಡಿದ್ದೇನೆ. ಪರಿಭಾಷೆಯನ್ನು ಭರತನಿಂದ ಪಡೆದಿದ್ದೇನೆ.

೨

ನಮ್ಮ ಪಾಠಶಾಲೆಗಳಲ್ಲಿ ನಾಟ್ಯಶಾಸ್ತ್ರವನ್ನು ರಸಸೂತ್ರಕ್ಕಾಗಿ ಓದುವುದು ರೂಢಿ. ಅಂಗೋಪಾಂಗಗಳ ಅಧ್ಯಾಯಗಳನ್ನು ನರ್ತಕರ ಪಾಲಿಗೆ ಬಿಟ್ಟು ಮುಂದೆ ಹೋಗುತ್ತೇವೆ. ಆದರೆ ಮನುಷ್ಯನ ಮೈ ಏನನ್ನು ಹೇಳುತ್ತದೆಂಬುದನ್ನು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿರುವ ಪ್ರಾಚೀನ ಗ್ರಂಥಗಳು ವಿರಳ. ಭರತನು ತಲೆಯ ಚಲನೆಗಳನ್ನು ೧೩ ಎಂದೂ, ದೃಷ್ಟಿಗಳನ್ನು ೩೬ ಎಂದೂ ಎಣಿಸಿದ್ದಾನೆ. ದೃಷ್ಟಿಗಳಲ್ಲಿ ರಸಕ್ಕೆ ಸೇರಿದವು ೮, ಸ್ಥಾಯಿಭಾವಕ್ಕೆ ಸೇರಿದವು ೮, ಸಂಚಾರಿಭಾವಕ್ಕೆ ಸೇರಿದವು ೨೦. ಇವಲ್ಲದೆ ಸಮ, ಸಾಚಿ, ಅನುವೃತ್ತ, ಆಲೋಕಿತ, ವಿಲೋಕಿತ, ಪ್ರಲೋಕಿತ, ಉಲ್ಲೋಕಿತ, ಅವಲೋಕಿತ ಎಂಬ ೮ ದರ್ಶನಭೇದಗಳನ್ನು ಬೇರೆಯಾಗಿ ಹೇಳಿದ್ದಾನೆ.

ದೃಷ್ಟಿಯನ್ನೂ ದರ್ಶನವನ್ನೂ ಹೀಗೆ ಬೇರ್ಪಡಿಸಿರುವುದು ಪ್ರಕೃತಕ್ಕೆ ಬಹಳ ಉಪಯುಕ್ತವಾದ ಸಂಗತಿ. ದೃಷ್ಟಿಯೆಂಬುದು ಕಣ್ಣಿನಲ್ಲಿ ತೋರುವ ಭಾವ. ದರ್ಶನವೆಂಬುದು ಕಣ್ಣು ನೋಡುವ ದಿಕ್ಕು ಮತ್ತು ರೀತಿ. ಉತ್ಸಾಹದಿಂದ ಹುಟ್ಟುವ, ಅರಳಿದ, ಅಲುಗದ ದೃಪ್ತಾ ದೃಷ್ಟಿಯೂ, ಚಿಂತೆಯಲ್ಲಿ ಮುಳುಗಿ ಹೊರಗಿನ ವಸ್ತುವನ್ನು ಗ್ರಹಿಸದ ಶೂನ್ಯಾ ದೃಷ್ಟಿಯೂ ಎರಡೂ ನೇರವಾಗಿಯೇ ತಿರುಗಿರಬಹುದು. ದಿಕ್ಕು ಒಂದೇ, ಭಾವ ಬೇರೆ. ನೇರ ನೋಟವೆಲ್ಲ ಅಧಿಕಾರವೆನ್ನುವವರು ದರ್ಶನವನ್ನೇ ದೃಷ್ಟಿಯೆಂದು ಭ್ರಮಿಸುತ್ತಾರೆ.

ತಲೆಯ ಚಲನೆಗಳಲ್ಲಿಯೂ ಇದೇ ನ್ಯಾಯ ಕಾಣುತ್ತದೆ. ಕೊರಳು ಸ್ವಲ್ಪ ಪಕ್ಕಕ್ಕೆ ಬಾಗಿದರೆ ಅದು ಅಂಚಿತ. ವ್ಯಾಧಿ, ಮೂರ್ಛೆ, ಮದ, ಚಿಂತೆಗಳಲ್ಲಿ ಅದರ ವಿನಿಯೋಗ. ಅದೇ ಬಾಗಿದ ಕೊರಳಿನ ಜೊತೆಗೆ ಹೆಗಲುಗಳು ಮೇಲಕ್ಕೆದ್ದರೆ ನಿಹಂಚಿತವೆನಿಸುತ್ತದೆ. ಸ್ತ್ರೀಯರ ಗರ್ವ, ಮಾನ, ವಿಲಾಸ, ಬಿಬ್ಬೋಕಗಳಲ್ಲಿ ಅದು ಸಲ್ಲುತ್ತದೆ. ಬಾಗಿದ ತಲೆಯು ಒಂದೆಡೆ ರೋಗಿಯ ಲಕ್ಷಣ, ಇನ್ನೊಂದೆಡೆ ಮಾನಿನಿಯ ಲಕ್ಷಣ. ನಡುವೆ ಇರುವ ವ್ಯತ್ಯಾಸ ಹೆಗಲಿನದು ಮಾತ್ರ.

ನಮ್ಮ ನುಡಿಯೇ ಈ ತತ್ತ್ವಕ್ಕೆ ಸಾಕ್ಷಿಯಾಗಿದೆ. ಕಟಾಕ್ಷವೆಂದರೆ ಓರೆನೋಟ. ನಾಯಿಕೆಯ ಕಟಾಕ್ಷವೆಂದಾಗ ಒಂದರ್ಥ. ಪ್ರಭುವಿನ ಕೃಪಾಕಟಾಕ್ಷವೆಂದಾಗ ಬೇರೊಂದರ್ಥ. ದೊರೆಗೆ ಬಿನ್ನಹ ಬರೆದುಕೊಳ್ಳುವವನು ದೊರೆಯು ತನ್ನನ್ನು ನೆಟ್ಟನೆ ನೋಡಬೇಕೆಂದು ಬೇಡಲಿಲ್ಲ. ಕಡೆಗಣ್ಣಿನ ನೋಟವೊಂದು ಬಿದ್ದರೆ ಸಾಕೆಂದು ಬೇಡಿದನು. ಪೂರ್ಣವಾಗಿ ನೋಡುವ ಶ್ರಮವನ್ನೂ ತೆಗೆದುಕೊಳ್ಳಬೇಕಾಗಿಲ್ಲದಿರುವುದೇ ಪ್ರಭುತ್ವ.

ಸ್ಥಾನವೆಂಬ ಶಬ್ದವೂ ಹೀಗೆಯೇ. ನಾಟ್ಯದಲ್ಲಿ ಸ್ಥಾನವೆಂದರೆ ನಿಲ್ಲುವ ಭಂಗಿ; ಪುರುಷರಿಗೆ ವೈಷ್ಣವ, ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಎಂಬ ೬, ಸ್ತ್ರೀಯರಿಗೆ ಆಯತ, ಅವಹಿತ್ಥ, ಅಶ್ವಕ್ರಾಂತ ಎಂಬ ೩. ಲೋಕದಲ್ಲಿಯಾದರೋ ಸ್ಥಾನವೆಂದರೆ ಪದವಿ, ಅಂತಸ್ತು. ನಿಲುವಿಗೂ ಅಂತಸ್ತಿಗೂ ಒಂದೇ ಹೆಸರಿರುವುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಮುಂದೆ ನೋಡುವ ಚಿತ್ರಗಳಲ್ಲಿ ಈ ಎರಡರ್ಥಗಳೂ ಒಂದಾಗಿ ಕೆಲಸಮಾಡುತ್ತವೆ.

೩

ಮೊದಲು ೧೮೯೯ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಪ್ರಕಟವಾದ ಪಿಯರ್ಸ್ ಸಾಬೂನಿನ ಜಾಹೀರಾತನ್ನು ತೆಗೆದುಕೊಳ್ಳೋಣ. ಅಮೆರಿಕವು ಫಿಲಿಪ್ಪೀನ್ ದ್ವೀಪಗಳನ್ನು ವಶಪಡಿಸಿಕೊಳ್ಳುತ್ತಿದ್ದ ಕಾಲವದು. ಬಿಳಿಯರು ಇತರರನ್ನು ಆಳುವುದು ಅವರು ಹೊತ್ತ ಹೊರೆಯೆಂದು ಸಾರಿದ ಕಿಪ್ಲಿಂಗನ ಪದ್ಯವು ಅದೇ ವರ್ಷದ ಫೆಬ್ರವರಿಯಲ್ಲಿ ಹೊರಬಿದ್ದಿತ್ತು. ಜಾಹೀರಾತಿನ ಒಕ್ಕಣೆಯು ಆ ಪದ್ಯದ ಹೆಸರನ್ನೇ ಬಳಸಿಕೊಂಡಿತು. ಚಿತ್ರದ ನಡುವೆ, ೧೮೯೮ರ ಮೇ ೧ರಂದು ಮನಿಲಾ ಕೊಲ್ಲಿಯಲ್ಲಿ ಗೆದ್ದ ಅಡ್ಮಿರಲ್ ಡ್ಯೂಯಿ ಬಿಳಿಯ ಸಮವಸ್ತ್ರವನ್ನು ಧರಿಸಿ ಕೈ ತೊಳೆದುಕೊಳ್ಳುತ್ತಿದ್ದಾನೆ. ಸುತ್ತಲೂ ಹಡಗುಗಳು. ಕೆಳಗಿನ ಒಂದು ಮೂಲೆಯಲ್ಲಿ, ನಿಂತಿರುವ ಬಿಳಿಯನೊಬ್ಬನು ನೆಲದಲ್ಲಿ ಕುಗ್ಗಿ ಕುಳಿತ ದೇಶೀಯನಿಗೆ ಸಾಬೂನನ್ನು ನೀಡುತ್ತಿದ್ದಾನೆ.

ಇಲ್ಲಿ ಡ್ಯೂಯಿಯ ಗಮನವೆಲ್ಲ ತನ್ನ ಕೈಗಳಲ್ಲಿಯೇ ಇದೆ. ಓದುವವರನ್ನು ಅವನು ನೋಡುವುದಿಲ್ಲ. ಆದರೂ ಚಿತ್ರದಲ್ಲಿ ಅವನೇ ಪ್ರಭು ಎಂಬುದರಲ್ಲಿ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಅವನು ನಡುವೆ ಇದ್ದಾನೆ, ದೊಡ್ಡವನಾಗಿದ್ದಾನೆ, ನಿಂತಿದ್ದಾನೆ, ತನ್ನ ಕೆಲಸವನ್ನು ತಾನು ಮಾಡಿಕೊಳ್ಳುತ್ತಿದ್ದಾನೆ. ಮೂಲೆಯವನು ಸಣ್ಣವನು, ಕುಳಿತವನು, ಕೊಟ್ಟುದನ್ನು ತೆಗೆದುಕೊಳ್ಳುವವನು. ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ಒಂದು ರಾಜ್ಯಾಕ್ರಮಣವು ಶೌಚದ ಉಪದೇಶವಾಗಿ ಮಾರ್ಪಟ್ಟುದು ಈ ಸ್ಥಾನಭೇದದಿಂದಲೇ. ಇದರಲ್ಲಿ ದೃಷ್ಟಿಗೆ ಕೆಲಸವೇ ಇಲ್ಲ.

ಇದಕ್ಕೆ ತೀರ ಪ್ರತಿಕೂಲವಾದ ನಿದರ್ಶನವೆಂದರೆ ಲಾರ್ಡ್ ಕಿಚನರನ ಚಿತ್ರ. ಇವನು ೧೯೦೨ರಿಂದ ೧೯೦೯ರವರೆಗೆ ನಮ್ಮ ದೇಶದಲ್ಲಿ ಬ್ರಿಟಿಷ್ ಸೇನೆಯ ಮುಖ್ಯ ದಂಡನಾಯಕನಾಗಿದ್ದವನು. ೧೯೧೪ರ ಆಗಸ್ಟಿನಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾದನು. ಆಲ್‌ಫ್ರೆಡ್ ಲೀಟ್ ಎಂಬ ಚಿತ್ರಕಾರನು ಬರೆದ ಅವನ ಮುಖವು ೧೯೧೪ರ ಸೆಪ್ಟೆಂಬರ್ ೫ರ ‘ಲಂಡನ್ ಒಪಿನಿಯನ್’ ಪತ್ರಿಕೆಯ ಮುಖಪುಟದಲ್ಲಿ ಬಂದಿತು. ಟೊಪ್ಪಿಗೆ, ದಪ್ಪ ಮೀಸೆ, ಎವೆಯಿಕ್ಕದ ಎರಡು ಕಣ್ಣು, ಓದುಗನ ಎದೆಗೆ ಗುರಿಯಿಟ್ಟಂತೆ ಚಾಚಿದ ತೋರುಬೆರಳು. ಅಮೆರಿಕದಲ್ಲಿ ಜೇಮ್ಸ್ ಮಾಂಟ್‌ಗಮರಿ ಫ್ಲ್ಯಾಗ್ ಎಂಬವನು ಇದೇ ಭಂಗಿಯನ್ನು ‘ಅಂಕಲ್ ಸ್ಯಾಮ್’ ಎಂಬ ರಾಷ್ಟ್ರಪುರುಷನಿಗೆ ತೊಡಿಸಿ, ಮುಖಕ್ಕೆ ತನ್ನ ಮುಖವನ್ನೇ ಮಾದರಿಯಾಗಿಟ್ಟುಕೊಂಡು ಬರೆದನು. ಅದು ೧೯೧೬ರ ಜುಲೈ ೬ರ ‘ಲೆಸ್ಲೀಸ್ ವೀಕ್ಲಿ’ಯ ಮುಖಪುಟವಾಗಿ ಬಂದು, ಅನಂತರ ಸೈನ್ಯಕ್ಕೆ ಕರೆಯುವ ಭಿತ್ತಿಪತ್ರವಾಗಿ ೧೯೧೭-೧೮ರಲ್ಲಿ ೪೦ ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಅಚ್ಚಾಯಿತು.

ಈ ಚಿತ್ರಗಳ ಕಣ್ಣು ನೋಡುವವನು ಎತ್ತ ಸರಿದರೂ ಅವನನ್ನೇ ಹಿಂಬಾಲಿಸುವಂತೆ ತೋರುತ್ತದೆ. ಇದು ಹೊಸ ಸೋಜಿಗವಲ್ಲ. ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿಯೇ, ಎಲ್ಲಿಂದ ನೋಡಿದರೂ ನೋಡುವವರನ್ನೇ ದಿಟ್ಟಿಸುತ್ತಿದ್ದ ಮಿನರ್ವಾ ದೇವಿಯ ಚಿತ್ರವೊಂದನ್ನು ವರ್ಣಿಸಿದ್ದಾನೆ. ಕಾರಣವೂ ಸರಳವಾದುದೇ. ಸಜೀವವಾದ ಮುಖದ ಪಕ್ಕಕ್ಕೆ ನಾವು ಸರಿದರೆ ಅದರ ಬೇರೊಂದು ಪಾರ್ಶ್ವ ಕಾಣುತ್ತದೆ. ಸಮತಲವಾದ ಹಾಳೆಯಲ್ಲಾದರೋ ಎಲ್ಲಿಗೆ ಸರಿದರೂ ಅದೇ ಮುಖಭಾಗ, ನಡುವಿನಲ್ಲಿ ನಿಂತ ಅದೇ ಕಣ್ಣುಗುಡ್ಡೆ. ಆದುದರಿಂದ ಒಮ್ಮೆ ನಮ್ಮತ್ತ ತಿರುಗಿದ ಕಣ್ಣು ಎಂದೆಂದಿಗೂ ನಮ್ಮತ್ತಲೇ ಇರುತ್ತದೆ.

ಆದರೆ ಕಣ್ಣು ನಮ್ಮತ್ತ ತಿರುಗಿದೆಯೆಂದು ನಮಗೆ ತಿಳಿಯುವುದಾದರೂ ಹೇಗೆ? ಇದನ್ನು ಇಂಗ್ಲೆಂಡಿನ ವಿಲಿಯಮ್ ವೊಲಾಸ್ಟನ್ ಎಂಬ ವಿಜ್ಞಾನಿಯು ೧೮೨೪ರಲ್ಲಿ ಪರೀಕ್ಷಿಸಿ ಪ್ರಕಟಿಸಿದನು. ಥಾಮಸ್ ಲಾರೆನ್ಸ್ ಎಂಬ ಪ್ರಸಿದ್ಧ ಚಿತ್ರಕಾರನು ಬರೆದುಕೊಟ್ಟ ಒಂದೇ ಜೊತೆ ಕಣ್ಣುಗಳನ್ನು ಹಾಗೆಯೇ ಇಟ್ಟು, ಮೂಗು ಮತ್ತು ಮುಖದ ಕೆಳಭಾಗವನ್ನು ಮಾತ್ರ ಬೇರೆ ದಿಕ್ಕಿಗೆ ತಿರುಗಿದಂತೆ ಬದಲಾಯಿಸಿದರೆ, ಬದಲಾಗದ ಆ ಕಣ್ಣುಗಳೇ ಬೇರೊಂದು ಕಡೆಗೆ ನೋಡುವಂತೆ ಕಾಣುತ್ತವೆ. ಅಂದರೆ ನೋಟದ ದಿಕ್ಕನ್ನೂ ನಾವು ಕಣ್ಣೊಂದರಿಂದಲೇ ಓದುವುದಿಲ್ಲ, ಮುಖವು ನಿಂತಿರುವ ಬಗೆಯಿಂದ ಓದುತ್ತೇವೆ. ದಿಕ್ಕಿನ ವಿಷಯದಲ್ಲಿಯೇ ಹೀಗಿರಲಾಗಿ, ಭಾವದ ಮತ್ತು ಅಧಿಕಾರದ ವಿಷಯದಲ್ಲಿ ಕೇಳಬೇಕೆ?

ಕಿಚನರನ ನೋಟವು ಆಜ್ಞೆಯಾದುದು ಆ ಟೊಪ್ಪಿಗೆ, ಆ ಪದವಿ, ಆ ಚಾಚಿದ ತೋಳುಗಳ ಬಲದಿಂದ. ಅದೇ ನೇರವಾದ ಕಣ್ಣನ್ನು, ಕೈಯೊಡ್ಡಿದ ಅನಾಥ ಬಾಲಕನ ಮುಖದಲ್ಲಿಟ್ಟು ಧರ್ಮಸಂಸ್ಥೆಗಳು ಜಾಹೀರಾತು ಕೊಡುವುದುಂಟು. ಅಲ್ಲಿ ಅದು ಆಜ್ಞೆಯಲ್ಲ, ಯಾಚನೆ. ೧೯೧೬ರ ಜನವರಿಯಲ್ಲಿ ಕಡ್ಡಾಯದ ಸೈನ್ಯಸೇವೆ ಬ್ರಿಟನ್ನಿನಲ್ಲಿ ಶಾಸನವಾಗುವ ವೇಳೆಗೆ ಸುಮಾರು ೨೪ ಲಕ್ಷ ಮಂದಿ ತಾವಾಗಿಯೇ ಸೈನ್ಯವನ್ನು ಸೇರಿದ್ದರು. ಅವರನ್ನೆಲ್ಲ ಒಂದು ಚಿತ್ರವೇ ಕರೆತಂದಿತೆನ್ನುವುದು ಸಾಧುವಲ್ಲ. ಆದರೆ ಈ ಬಗೆಯ ನೋಟಗಳು ಜನರಿಂದ ಕೇಳುತ್ತಿದ್ದುದು ನಾಲ್ಕು ಕಾಸನ್ನಲ್ಲ, ಪ್ರಾಣವನ್ನು ಎಂಬುದನ್ನು ಮರೆಯಲಾಗದು.

೪

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಜಾಹೀರಾತುಗಳಲ್ಲಿ ಆಜ್ಞಾಪಿಸುವ ಪುರುಷನಿಗಿಂತ ಉದಾಸೀನನಾದ ಪುರುಷನು ಹೆಚ್ಚು ಬೆಲೆಯುಳ್ಳವನಾದನು. ಇದಕ್ಕೆ ಎರಡು ನಿದರ್ಶನಗಳು ಸಾಕು.

ಮೊದಲನೆಯದು ಹ್ಯಾಥವೇ ಅಂಗಿಯ ಜಾಹೀರಾತು. ಡೇವಿಡ್ ಓಗಿಲ್ವಿ ಎಂಬವರು ಇದನ್ನು ರೂಪಿಸಿ ೧೯೫೧ರ ಸೆಪ್ಟೆಂಬರ್ ೨೨ರ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೀಸೆಯುಳ್ಳ, ನಡುವಯಸ್ಸಿನ, ಕುಲೀನನಂತೆ ಕಾಣುವ ಪುರುಷನೊಬ್ಬನು ನಿಂತಿದ್ದಾನೆ. ಅವನ ಒಂದು ಕಣ್ಣಿಗೆ ಕಪ್ಪು ಪಟ್ಟಿ. ಚಿತ್ರಕ್ಕೆ ನಿಂತ ಬ್ಯಾರನ್ ಜಾರ್ಜ್ ರ್ಯಾಂಗೆಲ್ ಎಂಬ ರಷ್ಯನ್ ಮನೆತನದವನ ಕಣ್ಣುಗಳೆರಡೂ ಚೆನ್ನಾಗಿದ್ದವು. ಪಟ್ಟಿಯು ಬರಿಯ ವೇಷ. ಮುಂದಿನ ಜಾಹೀರಾತುಗಳಲ್ಲಿ ಈ ಒಕ್ಕಣ್ಣನು ವಾದ್ಯವೃಂದವನ್ನು ನಡೆಸುತ್ತಾನೆ, ಹಳೆಯ ಚಿತ್ರವೊಂದರ ಪ್ರತಿ ತೆಗೆಯುತ್ತಾನೆ, ಟ್ರ್ಯಾಕ್ಟರು ಓಡಿಸುತ್ತಾನೆ. ಅವನಾರು, ಕಣ್ಣಿಗೇನಾಯಿತು ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನೋಟವು ಅರ್ಧವಾದಷ್ಟೂ ಪ್ರಭಾವವು ಹೆಚ್ಚಿತು. ನೇರವಾದ ನೋಟದ ಪರಿಮಾಣವೇ ಅಧಿಕಾರದ ಪರಿಮಾಣವಾಗಿದ್ದ ಪಕ್ಷದಲ್ಲಿ ಇದು ಹೀಗಾಗಬಾರದಾಗಿತ್ತು. ಓದುಗನು ತನಗೆ ಉತ್ತರ ಕೊಡಬೇಕಾಗಿಲ್ಲದ ಒಬ್ಬನ ಮುಂದೆ ಪ್ರಶ್ನೆ ಕೇಳುತ್ತ ನಿಂತನು. ಅಷ್ಟರಿಂದಲೇ ಅವನು ಕೆಳಗಿನವನಾದನು.

ಎರಡನೆಯದು ಮಾರ್ಲ್‌ಬರೊ ಸಿಗರೇಟಿನ ದನಗಾಹಿ. ಈ ಸಿಗರೇಟು ೧೯೨೪ರಲ್ಲಿ ಹೆಂಗಸರಿಗಾಗಿ, ಮೃದುವಾದುದೆಂಬ ಹೊಗಳಿಕೆಯೊಡನೆ ಮಾರಾಟಕ್ಕೆ ಬಂದಿತ್ತು. ೧೯೫೪-೫೫ರಲ್ಲಿ ಶಿಕಾಗೋದ ಲಿಯೋ ಬರ್ನೆಟ್ ಸಂಸ್ಥೆಯು ಸರಕನ್ನು ಗಂಡಸರ ಕಡೆಗೆ ತಿರುಗಿಸಲು ಹೊಸ ಮುಖವನ್ನು ಹುಡುಕಿತು. ೧೯೪೯ರ ಆಗಸ್ಟ್ ೨೨ರ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಬಂದಿದ್ದ ಟೆಕ್ಸಸ್ಸಿನ ದನಗಾಹಿಯೊಬ್ಬನ ಛಾಯಾಚಿತ್ರವು ಇದಕ್ಕೆ ಸ್ಫೂರ್ತಿಯಾಯಿತೆಂದು ಹೇಳುತ್ತಾರೆ. ಆಮೇಲಿನ ಎಷ್ಟೋ ಚಿತ್ರಗಳಲ್ಲಿ ಈ ಪುರುಷನ ಕಣ್ಣು ಟೊಪ್ಪಿಗೆಯ ನೆರಳಿನಲ್ಲಿ ಮರೆಯಾಗಿರುತ್ತದೆ. ಅವನು ಬೆಂಕಿ ಹೊತ್ತಿಸುತ್ತ ಕೆಳಗೆ ನೋಡುತ್ತಾನೆ, ಇಲ್ಲವೆ ದೂರದ ಬಯಲನ್ನು ನೋಡುತ್ತಾನೆ. ಭರತನ ಮಾತಿನಲ್ಲಿ ಇದು ಅವಲೋಕಿತ. ಅವಲೋಕಿತವು ಅಧೀನತೆಯ ಚಿಹ್ನೆಯಾಗಿದ್ದರೆ ಈ ದನಗಾಹಿಯು ಜಗತ್ತಿನ ಪುರುಷತ್ವಕ್ಕೆ ಮಾದರಿಯಾಗುತ್ತಿರಲಿಲ್ಲ. ಕುದುರೆಯ ಮೇಲೆ ಅಗಲವಾಗಿ ಕಾಲು ಚೆಲ್ಲಿ ಕುಳಿತ ಮೈ, ಹಗ್ಗವನ್ನು ಹಿಡಿದ ಕೈ, ಸುತ್ತಲೂ ಎಲ್ಲೆಯಿಲ್ಲದ ನೆಲ, ಇವುಗಳೇ ಆ ತಗ್ಗಿದ ಕಣ್ಣಿಗೆ ಪ್ರಭುತ್ವವನ್ನು ಕೊಟ್ಟವು. ಅವನು ಓದುಗನನ್ನು ನೋಡುವುದಿಲ್ಲ, ಏಕೆಂದರೆ ನೋಡಬೇಕಾಗಿಲ್ಲ.

ಈ ನಿಲುವಿನ ಬೆಲೆಯನ್ನು ತೆತ್ತವರು ಯಾರು? ಆ ವೇಷದಲ್ಲಿ ಕಾಣಿಸಿಕೊಂಡವರಲ್ಲಿ ವೇಯ್ನ್ ಮೆಕ್‌ಲಾರೆನ್ ೧೯೯೨ರಲ್ಲಿಯೂ ಡೇವಿಡ್ ಮೆಕ್‌ಲೀನ್ ೧೯೯೫ರಲ್ಲಿಯೂ ಶ್ವಾಸಕೋಶದ ಅರ್ಬುದರೋಗದಿಂದ ಮೃತರಾದರು. ಮೆಕ್‌ಲಾರೆನ್ ತನ್ನ ಕೊನೆಯ ದಿನಗಳಲ್ಲಿ ಹೊಗೆಬತ್ತಿಯ ವಿರುದ್ಧವಾಗಿಯೇ ಪ್ರಚಾರ ಮಾಡಿದನು. ಸ್ವಾತಂತ್ರ್ಯದ ಭಂಗಿಯನ್ನು ತೋರಿಸಿ ಮಾರಿದುದು ಒಂದು ದಾಸ್ಯವನ್ನು.

೫

ಇಷ್ಟರವರೆಗೆ ಪುರುಷರ ಚಿತ್ರಗಳನ್ನು ನೋಡಿದೆವು. ಸ್ತ್ರೀಯರ ಚಿತ್ರಗಳಿಗೆ ಬಂದರೆ ಇದೇ ಚಿಹ್ನೆಗಳು ತಿರುಗುಮುರುಗಾಗುತ್ತವೆ. ಇದನ್ನು ಕ್ರಮವಾಗಿ ಪರಿಶೀಲಿಸಿದವರು ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ಅರ್ವಿಂಗ್ ಗಾಫ್‌ಮನ್ (೧೯೨೨-೧೯೮೨). ಪತ್ರಿಕೆಗಳಿಂದ ಆಯ್ದ ಸುಮಾರು ೫೦೦ ಜಾಹೀರಾತುಗಳನ್ನು ಗುಂಪುಗುಂಪಾಗಿ ಜೋಡಿಸಿ ಅವರು ೧೯೭೬ರಲ್ಲಿ ಪ್ರಬಂಧವಾಗಿಯೂ ೧೯೭೯ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಅವರು ಕಂಡ ಸಂಗತಿಗಳನ್ನು ಸಂಗ್ರಹಿಸಿ ಹೇಳುವುದಾದರೆ: ಪುರುಷನು ಎತ್ತರವಾಗಿಯೂ ಸ್ತ್ರೀಯು ಗಿಡ್ಡವಾಗಿಯೂ ಇರುವಂತೆ ನಿಲ್ಲಿಸುತ್ತಾರೆ, ಪುರುಷನು ವಸ್ತುವನ್ನು ಹಿಡಿಯುತ್ತಾನೆ, ಸ್ತ್ರೀಯು ಬೆರಳ ತುದಿಯಿಂದ ಸವರುತ್ತಾಳೆ, ಇಬ್ಬರೂ ಕೆಲಸದಲ್ಲಿದ್ದರೆ ಪುರುಷನು ಹೇಳಿಕೊಡುತ್ತಾನೆ, ಸ್ತ್ರೀಯು ಕಲಿಯುತ್ತಾಳೆ, ಸ್ತ್ರೀಯ ಒಂದು ಮಂಡಿ ಮಡಿಸಿರುತ್ತದೆ, ತಲೆ ಪಕ್ಕಕ್ಕೆ ವಾಲಿರುತ್ತದೆ, ಹಾಸಿಗೆಯಲ್ಲಿಯೋ ನೆಲದಲ್ಲಿಯೋ ಮಲಗಿರುವವರು ಹೆಚ್ಚಾಗಿ ಸ್ತ್ರೀಯರೂ ಮಕ್ಕಳೂ, ಮತ್ತು ಸ್ತ್ರೀಯ ಕಣ್ಣು ಎದುರಿನ ಸನ್ನಿವೇಶವನ್ನು ಬಿಟ್ಟು ಎಲ್ಲಿಯೋ ತೇಲಿಹೋಗಿರುತ್ತದೆ.

ಈ ಕೊನೆಯ ನೋಟವು ಭರತನ ಶೂನ್ಯಾ ದೃಷ್ಟಿಯನ್ನು ಬಹುಮಟ್ಟಿಗೆ ಹೋಲುತ್ತದೆ. ದನಗಾಹಿಯೂ ಓದುಗನನ್ನು ನೋಡುವುದಿಲ್ಲ, ಈ ಸ್ತ್ರೀಯೂ ನೋಡುವುದಿಲ್ಲ. ಆದರೆ ಅವನಿಗೆ ಬೇರೆ ಕೆಲಸವಿದೆ, ಇವಳಿಗೆ ಇಲ್ಲ. ಅವನು ಎರಡು ಕಾಲಿನ ಮೇಲೆ ನಿಂತಿದ್ದಾನೆ, ಇವಳು ಬೇರೊಬ್ಬನಿಗೆ ಒರಗಿದ್ದಾಳೆ. ಅವನಿಗೆ ಅಪಾಯ ಬಂದರೆ ತಾನೇ ನೋಡಿಕೊಳ್ಳಬಲ್ಲನು. ಇವಳು ಮೈಮರೆತಿರಬಹುದಾದುದು ಪಕ್ಕದಲ್ಲಿರುವವನು ಎಚ್ಚರವಾಗಿರುವುದರಿಂದ. ನೋಡದಿರುವುದು ಅವನಲ್ಲಿ ಸ್ವಾತಂತ್ರ್ಯ, ಇವಳಲ್ಲಿ ಪರಾಧೀನತೆ. ಇಂಗ್ಲೆಂಡಿನ ಜಾನ್ ಬರ್ಜರ್ ೧೯೭೨ರಲ್ಲಿ ಬಿ.ಬಿ.ಸಿ.ಯ ಉಪನ್ಯಾಸಮಾಲೆಯಲ್ಲಿ ಇದನ್ನೇ ಬೇರೊಂದು ಕಡೆಯಿಂದ ವಿವರಿಸಿದರು: ಯೂರೋಪಿನ ಚಿತ್ರಪರಂಪರೆಯು ಸ್ತ್ರೀಯನ್ನು ನೋಡಿಸಿಕೊಳ್ಳುವವಳನ್ನಾಗಿ ಬರೆದುದರಿಂದ, ಆಕೆ ತನ್ನನ್ನು ತಾನೂ ಇತರರ ಕಣ್ಣಿನಿಂದಲೇ ನೋಡಿಕೊಳ್ಳುವಂತಾಯಿತೆಂದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಪಕ್ಕಕ್ಕೆ ವಾಲಿದ ತಲೆಯನ್ನು ಗಾಫ್‌ಮನ್ ಅಧೀನತೆಯ ಚಿಹ್ನೆಗಳಲ್ಲಿ ಸೇರಿಸಿದ್ದಾರೆ. ಅವರು ನೋಡಿದ ಚಿತ್ರಗಳಲ್ಲಿ ಅದು ಸತ್ಯವೇ. ಆದರೆ ಹೆಗಲೆತ್ತಿ ತಲೆ ವಾಲಿಸಿದ ಸ್ತ್ರೀಯಲ್ಲಿ ಭರತನು ಗರ್ವವನ್ನೂ ಮಾನವನ್ನೂ ಕಂಡನೆಂದು ಮೇಲೆ ಹೇಳಿದೆ. ಒಂದು ದೇಶದ ಒಂದು ಕಾಲದ ಅಭ್ಯಾಸವನ್ನು ಮನುಷ್ಯಸ್ವಭಾವವೆಂದು ತಿಳಿದು ಎಲ್ಲೆಡೆಯೂ ಅನ್ವಯಿಸಿದರೆ, ನಮ್ಮ ದೇವಾಲಯಗಳ ತ್ರಿಭಂಗಿಯ ಮದನಿಕೆಯರನ್ನೆಲ್ಲ ದಾಸಿಯರೆಂದು ಓದಬೇಕಾದೀತು.

೬

ಈಗ ನಮ್ಮ ದೇಶಕ್ಕೆ ಬರೋಣ. ೧೯೪೬ರಲ್ಲಿ, ಟಾಟಾ ವಿಮಾನಸಂಸ್ಥೆಯು ಏರ್ ಇಂಡಿಯಾ ಎಂಬ ಹೆಸರನ್ನು ತಾಳಿದ ವರ್ಷದಲ್ಲಿಯೇ, ಅದರ ಅಧಿಕಾರಿಯಾಗಿದ್ದ ಬಾಬ್ಬಿ ಕೂಕಾ ಮತ್ತು ಚಿತ್ರಕಾರ ಉಮೇಶ ರಾವ್ ಇವರಿಂದ ಮಹಾರಾಜನೆಂಬ ಪ್ರಸಿದ್ಧ ಆಕೃತಿಯು ಜನಿಸಿತು. ದೊಡ್ಡ ರುಮಾಲು, ನೀಳವಾದ ಮೀಸೆ, ರಾಜೋಚಿತವಾದ ನಿಲುವಂಗಿ. ಆದರೆ ಮೈ ಬಾಗಿದೆ, ಬಲಗೈ ಎದೆಯ ಮೇಲಿದೆ, ಕಣ್ಣುಗಳು ಮುಚ್ಚಿವೆ. ಭರತನು ನಾಚಿಕೆ, ದುಃಖ, ಪ್ರಣಾಮಗಳಿಗೆ ಹೇಳಿದ ಅಧೋಗತ ಶಿರಸ್ಸಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯಲಾರದು. ವೇಷವು ಅರಸನದು, ಸ್ಥಾನವು ಪರಿಚಾರಕನದು. ಇವೆರಡು ಒಂದಕ್ಕೊಂದು ವಿರುದ್ಧವಾಗಿರುವಾಗ ಗೆಲ್ಲುವುದು ಸ್ಥಾನವೇ: ಈ ಮಹಾರಾಜನನ್ನು ನೋಡಿ ಯಾರೂ ಹೆದರುವುದಿಲ್ಲ, ನಗುತ್ತಾರೆ. ಟಿಕೆಟು ಕೊಂಡ ವಿದೇಶೀಯನಿಗೆ ಒಬ್ಬ ಅರಸನೇ ತಲೆಬಾಗುತ್ತಾನೆಂಬ ಸುಖವನ್ನು ಚಿತ್ರವು ಕೊಟ್ಟಿತು.

ಇದು ಬರಿಯ ದಾಸ್ಯಚಿತ್ರವೇ? ಹಾಗೆಂದು ತೀರ್ಮಾನಿಸುವುದು ಅವಸರವಾದೀತು. ಮುಂದಿನ ಭಿತ್ತಿಪತ್ರಗಳಲ್ಲಿ ಇದೇ ಮಹಾರಾಜನು ಪ್ಯಾರಿಸಿನಲ್ಲಿ ರಸಿಕನಾಗಿಯೂ, ಜಪಾನಿನಲ್ಲಿ ಸುಮೋ ಮಲ್ಲನಾಗಿಯೂ ಕಾಣಿಸಿಕೊಂಡು ಎಲ್ಲ ದೇಶಗಳವರನ್ನೂ ಪರಿಹಾಸ ಮಾಡಿದನು. ಮೇಲಾಗಿ, ೧೯೪೭ರಿಂದ ಮೊದಲುಗೊಂಡು ದೇಶೀಯ ಸಂಸ್ಥಾನಗಳು ಒಂದೊಂದಾಗಿ ಭಾರತದಲ್ಲಿ ವಿಲೀನವಾಗುತ್ತಿದ್ದ ಕಾಲವದು. ೧೯೭೧ರಲ್ಲಿ ಅರಸರ ರಾಜಧನವೂ ರದ್ದಾಯಿತು. ನಿಜವಾದ ಅರಸರು ಅಧಿಕಾರವನ್ನು ಕಳೆದುಕೊಳ್ಳುತ್ತಿದ್ದಾಗ, ಅರಸುತನವು ಅತಿಥಿಸತ್ಕಾರದ ಲಾಂಛನವಾಗಿ ಮಾತ್ರ ಉಳಿಯುವುದನ್ನು ಈ ಬಾಗಿದ ಮೈ ಮುಂಚಿತವಾಗಿಯೇ ತೋರಿಸಿತು.

ನಮ್ಮ ಧಾರವಾಡದಲ್ಲಿ ೧೯೦೯ರಲ್ಲಿ ಜನಿಸಿದ ಶ್ರೀಮತಿ ಲೀಲಾ ಚಿಟ್ನೀಸ್ ಅವರನ್ನೂ ಇಲ್ಲಿ ಸ್ಮರಿಸಬೇಕು. ೧೯೪೧ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲನೆಯ ಭಾರತೀಯ ಚಿತ್ರನಟಿ ಇವರು. ಅದಕ್ಕೆ ಮುಂಚೆ ಆ ಸಾಬೂನಿಗೆ ಸಾಕ್ಷಿ ನುಡಿಯುತ್ತಿದ್ದವರು ಹಾಲಿವುಡ್ಡಿನ ನಟಿಯರು. ಗಾಫ್‌ಮನ್ ಕಂಡ ಹೆಸರಿಲ್ಲದ ಸ್ತ್ರೀಗೂ, ಹೆಸರೂ ಕೀರ್ತಿಯೂ ಉಳ್ಳ ನಟಿಗೂ ಭೇದವಿದೆ. ನಟಿಯು ಎತ್ತ ನೋಡಿದರೂ ಚಿತ್ರದ ಪಕ್ಕದಲ್ಲಿ ಅವಳ ಮಾತಿರುತ್ತದೆ. ಕೊಳ್ಳುವವರು ಅವಳನ್ನು ನಂಬಬೇಕು. ಇಲ್ಲಿ ಸ್ಥಾನವೆಂಬುದರ ಎರಡನೆಯ ಅರ್ಥ, ಲೋಕದಲ್ಲಿಯ ಅಂತಸ್ತು, ಮೈಯ ನಿಲುವಿಗೆ ಮೇಲಿನಿಂದ ಬಲ ಕೊಡುತ್ತದೆ. ಆದರೂ ಆ ಬಲವೆಲ್ಲ ಮೈಬಣ್ಣದ ಸಾಕ್ಷ್ಯಕ್ಕಾಗಿ ವ್ಯಯವಾಯಿತೆಂಬುದನ್ನೂ ಹೇಳಬೇಕು.

೭

ಇಲ್ಲಿ ಪೂರ್ವಪಕ್ಷಿಯು ಕೇಳಬಹುದು: ಜಾಹೀರಾತು ಲೋಕದಲ್ಲಿರುವುದನ್ನೇ ತೋರಿಸುತ್ತದೆ, ಲೋಕದಲ್ಲಿ ಸ್ತ್ರೀಪುರುಷರೂ ಒಡೆಯರೂ ಆಳುಗಳೂ ಹೀಗೆಯೇ ನಿಲ್ಲುತ್ತಾರಾದರೆ ಚಿತ್ರವನ್ನು ದೂಷಿಸುವುದೇಕೆ? ಇದಕ್ಕೆ ಗಾಫ್‌ಮನ್ ಕೊಡುವ ಸಮಾಧಾನವು ನಮಗೆ ಅಪರಿಚಿತವಲ್ಲ. ಲೋಕದಲ್ಲಿ ಚೆದರಿಹೋಗಿ, ಬೇರೆ ಎಷ್ಟೋ ಚೇಷ್ಟೆಗಳ ನಡುವೆ ಬೆರೆತಿರುವ ಆಚಾರಗಳನ್ನು ಜಾಹೀರಾತು ಆಯ್ದು, ಉಳಿದುದನ್ನು ಕಳೆದು, ಅತಿಶಯಗೊಳಿಸಿ ನಿಲ್ಲಿಸುತ್ತದೆಂದು ಅವರು ಹೇಳುತ್ತಾರೆ. ಭರತನು ಲೋಕಧರ್ಮಿ ನಾಟ್ಯಧರ್ಮಿಗಳೆಂದು ಮಾಡಿದ ವಿಭಾಗವನ್ನು ಇದು ನೆನಪಿಗೆ ತರುತ್ತದೆ. ಆದರೆ ಒಂದು ಅಂತರವುಂಟು. ರಂಗದ ಮುಂದೆ ಕುಳಿತವನು ತಾನು ನೋಡುತ್ತಿರುವುದು ನಾಟ್ಯವೆಂದು ಬಲ್ಲನು. ಪತ್ರಿಕೆಯ ಹಾಳೆಯನ್ನು ತಿರುವುವವನು ನಾಟ್ಯಧರ್ಮಿಯನ್ನು ಲೋಕಧರ್ಮಿಯೆಂದೇ ತಿಳಿಯುತ್ತಾನೆ. ದೋಷವಿರುವುದು ಅಲ್ಲಿ.

ಶಾಸನವು ಈ ದೋಷವನ್ನು ಹಿಡಿಯಲು ಯತ್ನಿಸಿದೆ. ಸ್ತ್ರೀಯರನ್ನು ಅಸಭ್ಯವಾಗಿ ಚಿತ್ರಿಸುವುದನ್ನು ನಿಷೇಧಿಸುವ ಶಾಸನವು ನಮ್ಮಲ್ಲಿ ೧೯೮೬ರಲ್ಲಿ ಆಯಿತು. ಆದರೆ ಅಸಭ್ಯತೆಯೆಂದರೆ ಬಟ್ಟೆಯ ಕೊರತೆಯೆಂದೇ ಸಾಮಾನ್ಯರು ಅರ್ಥಮಾಡುತ್ತಾರೆ. ತಲೆಯಿಂದ ಕಾಲವರೆಗೆ ಸೀರೆಯುಟ್ಟವಳನ್ನೂ ಭಂಗಿಯೊಂದರಿಂದಲೇ ತೊತ್ತಾಗಿ ನಿಲ್ಲಿಸಬಹುದೆಂಬುದು ಅಂಥವರ ಗಮನಕ್ಕೆ ಬರುವುದಿಲ್ಲ. ಜಾಹೀರಾತಿನವರೇ ೧೯೮೫ರಲ್ಲಿ ಸ್ಥಾಪಿಸಿಕೊಂಡ ಭಾರತೀಯ ಜಾಹೀರಾತು ಗುಣಮಟ್ಟದ ಮಂಡಲಿಯು ೨೦೨೨ರಲ್ಲಿ, ಸ್ತ್ರೀಪುರುಷರ ವಿಷಯದಲ್ಲಿ ಹಾನಿಕರವಾದ ರೂಢಿಚಿತ್ರಗಳನ್ನು ಕುರಿತು ನಿಯಮಗಳನ್ನು ಪ್ರಕಟಿಸಿದುದು ಸರಿಯಾದ ದಾರಿಯಲ್ಲಿ ಒಂದು ಹೆಜ್ಜೆ.

ಆದರೆ ನಿಯಮಕ್ಕಿಂತ ಮುಂಚೆ ಬೇಕಾದುದು ನೋಡಬಲ್ಲ ಕಣ್ಣು. ಇದಕ್ಕೆ ಗಾಫ್‌ಮನ್ ಸೂಚಿಸಿದ ಉಪಾಯವೊಂದಿದೆ: ಚಿತ್ರದಲ್ಲಿರುವ ಸ್ತ್ರೀಯ ಜಾಗದಲ್ಲಿ ಪುರುಷನನ್ನೂ ಪುರುಷನ ಜಾಗದಲ್ಲಿ ಸ್ತ್ರೀಯನ್ನೂ ಮನಸ್ಸಿನಲ್ಲಿಯೇ ಇಟ್ಟು ನೋಡಬೇಕು. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಹಳೆಯ ಪರಿಚಯದ ಯುಕ್ತಿ. ಶಬ್ದವನ್ನು ಅದರ ಪರ್ಯಾಯದಿಂದ ಬದಲಾಯಿಸಿದರೂ ಅಲಂಕಾರವು ಉಳಿದರೆ ಅದು ಅರ್ಥಾಲಂಕಾರ, ಅಳಿದರೆ ಶಬ್ದಾಲಂಕಾರ ಎಂದು ನಿರ್ಣಯಿಸುವ ಪರಿವೃತ್ತಿಸಹತ್ವದ ಪರೀಕ್ಷೆಯೇ ಇದು. ವ್ಯಕ್ತಿಗಳನ್ನು ಬದಲಾಯಿಸಿದರೂ ಚಿತ್ರವು ಸಹಜವಾಗಿಯೇ ಕಂಡರೆ ಆ ಭಂಗಿಯು ಕಾರ್ಯಕ್ಕೆ ಸೇರಿದುದು. ಹಾಸ್ಯಾಸ್ಪದವಾಗಿ ಕಂಡರೆ ಅದು ಅಂತಸ್ತಿಗೆ ಸೇರಿದುದು. ೨೦೦೫ರಲ್ಲಿ ಲಕ್ಸ್ ಸಾಬೂನಿನವರು ನಟಿಯರು ಕೂಡುವ ಸ್ನಾನದ ತೊಟ್ಟಿಯಲ್ಲಿ ಶಾರೂಖ್ ಖಾನರನ್ನು ಕೂಡಿಸಿದಾಗ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ನಟಿಯರು ಅಲ್ಲಿ ಕೂತಿದ್ದಾಗ ಯಾರಿಗೂ ಅದು ಸುದ್ದಿಯಾಗಿರಲಿಲ್ಲ. ಪರೀಕ್ಷೆಯು ತಾನಾಗಿಯೇ ನಡೆದುಹೋಗಿತ್ತು.

ಭರತನು ಜಾಹೀರಾತುಗಳನ್ನು ಕುರಿತು ಬರೆಯಲಿಲ್ಲ. ಎಲ್ಲವೂ ಅವನಲ್ಲಿಯೇ ಇದೆಯೆಂದು ಹೇಳುವುದು ನನ್ನ ಅಭಿಪ್ರಾಯವೂ ಅಲ್ಲ. ಅವನು ಹೇಳಿದುದು ಚಲಿಸುವ ನಟನ ಮೈಯನ್ನು ಕುರಿತು, ರಸಕ್ಕಾಗಿ. ಇವರು ನಿಲ್ಲಿಸುವುದು ಅಚಲವಾದ ಮೈಯನ್ನು, ಮಾರಾಟಕ್ಕಾಗಿ. ಆದರೆ ಕಣ್ಣನ್ನು ಹೆಗಲಿನಿಂದಲೂ, ನೋಟವನ್ನು ನಿಲುವಿನಿಂದಲೂ ಬೇರ್ಪಡಿಸದೆ ಓದುವ ಅಭ್ಯಾಸವನ್ನು ಅವನ ಗ್ರಂಥವು ಕಲಿಸುತ್ತದೆ. ನಮ್ಮ ಅಧ್ಯಾಪಕರು ವರ್ಷಕ್ಕೆ ಒಂದೆರಡು ದಿನ ಕಾವ್ಯದ ಪಾಠವನ್ನು ಬದಿಗಿಟ್ಟು, ವಿದ್ಯಾರ್ಥಿಗಳೇ ತಂದ ಪತ್ರಿಕೆಯೊಂದನ್ನು ಮೇಜಿನ ಮೇಲೆ ಬಿಚ್ಚಿ, ಇದರಲ್ಲಿ ಯಾರು ನೋಡುತ್ತಿದ್ದಾರೆ, ಯಾರಿಗೆ ನೋಡದೆ ಇರುವ ಸ್ವಾತಂತ್ರ್ಯವಿದೆ, ಯಾರು ಯಾವುದನ್ನು ಹಿಡಿದು ನಿಂತಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ, ಮರುದಿನ ಕಾವ್ಯದಲ್ಲಿ ನಾಯಕನು ಕಣ್ಣೆತ್ತಿದಾಗಲೂ ನಾಯಿಕೆಯು ಮುಖ ತಿರುಗಿಸಿದಾಗಲೂ ವಿದ್ಯಾರ್ಥಿಗಳು ಅದನ್ನು ಮೊದಲಿಗಿಂತ ಚೆನ್ನಾಗಿ ಗ್ರಹಿಸುವರೆಂದು ನಾನು ನಂಬಿದ್ದೇನೆ.